ಬಾಣ ಬಳುಕಬೇಕು, ಆದರೆ ಎಷ್ಟು?

ಪಿರಿಯಾಪಟ್ಟಣದ ಓದುಗರೊಬ್ಬರು ಆನ್‌ಲೈನ್‌ನಲ್ಲಿ 40 ಪೌಂಡಿನ ‘ಬೇಟೆ ಬಿಲ್ಲು’ ತರಿಸಿಕೊಂಡಿದ್ದಾರೆ. ಇದಕ್ಕೆ ಯಾವ ಬಾಣ ಸರಿ ಎಂಬುದು ಅವರ ಪ್ರಶ್ನೆ. ಪೆಟ್ಟಿಗೆಯ ಮೇಲಿನ ಬೇಟೆಯ ಮಾತನ್ನು ಮೊದಲು ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧಗಳ ಪಟ್ಟಿಯಲ್ಲಿ ಬಂದೂಕಿನ ಜೊತೆಗೆ ಬಿಲ್ಲು–ಬಾಣವನ್ನೂ ಹೆಸರಿಸಿದೆ. ಕಾಕನಕೋಟೆಯ ಕಾಡಿನಲ್ಲಿ ಮಹಾರಾಜರ ಶಿಕಾರಿ ನಡೆಯುತ್ತಿದ್ದ ಕಾಲ ಎಂದೋ ಮುಗಿಯಿತು. ಹುಣಸೂರು, ಎಚ್.ಡಿ. ಕೋಟೆ ಕಡೆಯವರು ಬಿಲ್ಲನ್ನು ಹೆಗಲಿಗೇರಿಸಿ ಅನುಮತಿಯಿಲ್ಲದೆ ನಾಗರಹೊಳೆ ಹೊಕ್ಕರೆ, ಒಂದು ಮೊಲಕ್ಕೂ ಗುರಿ ಇಡದಿದ್ದರೂ ಅಪರಾಧವೇ. ಹಾಗಾಗಿ ಮುಂದಿನದೆಲ್ಲ ಗುರಿಹಲಗೆಗೆ ಹೊಡೆಯುವವರಿಗೆ.

ಬಾಣ ಎಂದರೆ ನೆಟ್ಟಗೆ ಹೋಗುವುದು ಎಂದೇ ನಾವೆಲ್ಲ ನಂಬಿದ್ದೇವೆ. ನಿಜದಲ್ಲಿ ಅದು ಹೊರಡುವುದೇ ಬಳುಕಿಕೊಂಡು. ಸಾದಾ ಬಿಲ್ಲಿನಲ್ಲಿ ಬಾಣ ಕೂರುವುದು ಬಿಲ್ಲಿನ ಪಕ್ಕಕ್ಕೆ, ಹೆದೆ ಮರಳುವುದು ಬಿಲ್ಲಿನ ನಡುವಿಗೆ. ಲೆಕ್ಕಕ್ಕೆ ಬಾಣ ಓರೆಯಾಗಿ ಹಾರಬೇಕು, ಆದರೆ ಗುರಿಗೇ ನಾಟುತ್ತದೆ. ಈ ಒಗಟನ್ನು 1930ರ ದಶಕದಲ್ಲಿ ಬಿಡಿಸಿ ತೋರಿಸಿದ್ದು ಬೆಲ್ ಲ್ಯಾಬ್ಸ್‌ನ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್ಮನ್. ಅತಿ ವೇಗದ ಕ್ಯಾಮೆರಾದಲ್ಲಿ ಚಿತ್ರ ಹಿಡಿದು ನೋಡಿದರೆ, ಹಿಂದಿನಿಂದ ಹೆದೆ ನೂಕಿದ ರಭಸಕ್ಕೆ ಬಾಣ ನಡುವಿನಲ್ಲಿ ಬಾಗುತ್ತದೆ, ಮರುಕ್ಷಣ ಇನ್ನೊಂದು ಕಡೆಗೆ ಬಾಗುತ್ತದೆ, ಹೀಗೆ ಬಿಲ್ಲನ್ನು ಬಳಸಿಕೊಂಡು ಬಾಲವನ್ನೂ ತಾಗಿಸದೆ ಪಾರಾಗುತ್ತದೆ!

ಹಾಗಾದರೆ ಬಾಣ ಆಯುವುದೆಂದರೆ ಬಳುಕು ಆಯುವುದು. ಈ ಬಳುಕಿನ ಅಳತೆಗೆ ಸ್ಪೈನ್ ಎನ್ನುತ್ತಾರೆ. ಹೊಗೆಸೊಪ್ಪಿನ ಬ್ಯಾರನ್ ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಸಿ ಸೊಪ್ಪು ಕಟ್ಟಿದ ಕಡ್ಡಿಯನ್ನು ಎರಡು ತುದಿಗೆ ಆಸರೆ ಕೊಟ್ಟು ಅಡ್ಡಲಾಗಿ ಇಟ್ಟರೆ ನಡು ಜಗ್ಗುತ್ತದಲ್ಲ, ಅದೇ ಇದು. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಬಾಣದ ಕೊಳವೆ ಮಲಗಿಸಿ, ನಟ್ಟನಡುವೆ 880 ಗ್ರಾಂ ತೂಗುಹಾಕುತ್ತಾರೆ. ಅರ್ಧ ಇಂಚು ಜಗ್ಗಿದರೆ ಸ್ಪೈನ್ 500, 0.4 ಇಂಚಾದರೆ 400. ಅಂಕಿ ಚಿಕ್ಕದಾದಷ್ಟೂ ಬಾಣ ಬಿರುಸು. ಹೊಸಬರು ಎಡವುವುದು ಇಲ್ಲೇ. ಕಡ್ಡಿ ಉದ್ದವಾದಷ್ಟೂ, ಸೊಪ್ಪು ಹೇರಿದಷ್ಟೂ ಜಗ್ಗು ಹೆಚ್ಚು. ಬಾಣವೂ ಹಾಗೆಯೇ: ಉದ್ದ ಬಿಟ್ಟರೆ ಅಥವಾ ಮೊನೆಗೆ ಭಾರ ಹಾಕಿದರೆ ಅದೇ 500ರ ಬಾಣ ಮೆದುವಾಗಿ ನಡೆದುಕೊಳ್ಳುತ್ತದೆ.

ಬಲಗೈಯವರು ಹೊಡೆದ ಬಾಣ ಪದೇ ಪದೇ ಎಡಕ್ಕೆ ಬೀಳುತ್ತಿದ್ದರೆ ಅದು ಬಿರುಸಾಗಿರಬಹುದು, ಬಲಕ್ಕೆ ಬೀಳುತ್ತಿದ್ದರೆ ಮೆದು. ಗರಿ ತೆಗೆದ ಬಾಣದಲ್ಲಿ ಇದು ಎದ್ದು ಕಾಣುತ್ತದೆ, ಏಕೆಂದರೆ ತಪ್ಪನ್ನು ತಿದ್ದಿ ಮುಚ್ಚಿಹಾಕುವುದು ಗರಿಯ ಕೆಲಸ.

ಇನ್ನು ಜಾಹೀರಾತುಗಳ ವೇಗದ ಹುಚ್ಚು. ಹಗುರ ಬಾಣ ಬೇಗ ಹಾರುತ್ತದೆ, ಸುಳ್ಳಲ್ಲ. ಆದರೆ ಬಾಣ ಹೊತ್ತೊಯ್ಯದ ಶಕ್ತಿ ಬಿಲ್ಲಿನಲ್ಲೇ ಉಳಿದು ಅದನ್ನು ಅದುರಿಸುತ್ತದೆ, ಕೊನೆಗೆ ಸೀಳಿಯೂ ಬಿಡಬಹುದು. ಎಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ತೂಕವಿರಲಿ ಎಂಬುದು ಬಿಲ್ಲುಗಾರರ ರೂಢಿ. 40 ಪೌಂಡಿಗೆ 200 ಗ್ರೇನ್, ಅಂದರೆ ಸುಮಾರು 13 ಗ್ರಾಂ. ನನ್ನ ಮಟ್ಟಿಗೆ ಕಲಿಯುವವರಿಗೆ ಇದಕ್ಕಿಂತ ಭಾರವೇ ಲೇಸು.

ಕಾರ್ಬನ್ ಬಾಣವನ್ನು ಪ್ರತಿ ಸಲ ಹೂಡುವ ಮುಂಚೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ ತಿರುಗಿಸಿ. ಚಿಟಚಿಟ ಸದ್ದು ಬಂತೋ, ಮುರಿದು ಎಸೆಯಿರಿ; ಬಿರುಕು ಬಿಟ್ಟ ಕಾರ್ಬನ್ ಹೆದೆಯ ಮೇಲೇ ಒಡೆದು ಚೂರುಗಳು ಕೈಗೆ ಹೊಕ್ಕಾವು. 40 ಪೌಂಡಿನ ಬಿಲ್ಲಿಗೆ 500 ಅಥವಾ 600ರ ಸ್ಪೈನ್ ಹೊಂದೀತು. ಪೂರ್ತಿ ಎಳೆದಾಗ ಮೊನೆ ಬಿಲ್ಲಿನಿಂದ ಒಂದು ಇಂಚಾದರೂ ಮುಂದಿರಲಿ. ಡಜನ್‌ಗಟ್ಟಲೆ ಕೊಳ್ಳುವ ಮೊದಲು ಎರಡೂ ಸ್ಪೈನ್‌ಗಳಲ್ಲಿ ಒಂದೊಂದು ಬಾಣ ತರಿಸಿ ಹೊಡೆದು ನೋಡಿ.