ಎರಡನೇ ಒತ್ತಿಗೆ ಗಟ್ಟಿಯಾಗುವ ಬ್ರೇಕ್

ಮನೆಯಂಗಳದಲ್ಲೇ ಕಾರಿನ ಚಕ್ರ ಬಿಚ್ಚಿ ಹೊಸ ಬ್ರೇಕ್ ಪ್ಯಾಡ್ ಕೂರಿಸಿ, ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬುವವರು ಈಗ ಅಪರೂಪವಲ್ಲ. ಬಿಡಿಭಾಗ ಮನೆ ಬಾಗಿಲಿಗೇ ಬರುತ್ತದೆ, ಕೆಲಸ ಕಲಿಸುವ ವಿಡಿಯೊ ಫೋನಿನಲ್ಲಿದೆ. ಕೆಲಸವೇನೋ ಮುಗಿಯುತ್ತದೆ, ಪೆಡಲ್ ಮಾತ್ರ ಒತ್ತಿದಾಗ ಮೆತ್ತಗೆ ಒಳಕ್ಕೆ ಹೋಗುತ್ತದೆ. ಇನ್ನೊಮ್ಮೆ ಒತ್ತಿದರೆ ಗಟ್ಟಿ. ‘ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ’ ಎಂದು ಗಾಡಿಯನ್ನು ರಸ್ತೆಗಿಳಿಸುತ್ತಾರೆ. ಅದು ಸರಿಹೋಗುವುದಿಲ್ಲ. ಏಕೆಂಬುದನ್ನು ಶಾಲೆಯಲ್ಲಿ ಓದಿದ ಭೌತಶಾಸ್ತ್ರವೇ ಹೇಳುತ್ತದೆ.

ಮುಚ್ಚಿದ ಕೊಳವೆಯಲ್ಲಿರುವ ದ್ರವದ ಒಂದು ತುದಿಯನ್ನು ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದು ಪ್ಯಾಸ್ಕಲ್ ನಿಯಮ. ಪೆಡಲಿನ ಹಿಂದಿರುವ ಮಾಸ್ಟರ್ ಸಿಲಿಂಡರ್ ದ್ರವವನ್ನು ದೂಡುತ್ತದೆ, ಚಕ್ರದ ಬಳಿಯ ಕ್ಯಾಲಿಪರ್ ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ದ್ರವ ಕುಗ್ಗುವುದಿಲ್ಲ ಎನ್ನುವಷ್ಟು ಕಡಿಮೆ ಕುಗ್ಗುವುದರಿಂದಲೇ ಇದೆಲ್ಲ ನಡೆಯುತ್ತದೆ. ಗಾಳಿ ಹಾಗಲ್ಲ. ಒತ್ತಡ 50 ಪಟ್ಟಾದರೆ ಅದರ ಗಾತ್ರ ಐವತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಬಲವಾಗಿ ಬ್ರೇಕ್ ಹಾಕಿದಾಗ ಕೊಳವೆಯಲ್ಲಿ ವಾತಾವರಣದ 50 ಪಟ್ಟಿಗೂ ಹೆಚ್ಚು ಒತ್ತಡ ಏಳಬಲ್ಲದು.

ಸಿರಿಂಜಿನಲ್ಲಿ ಹಿಡಿಯುವ 1 ಎಂಎಲ್ ಗಾಳಿ ಒಳಗೆ ಉಳಿದಿದೆ ಎಂದಿಟ್ಟುಕೊಳ್ಳಿ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20 ಮಿ.ಮೀ. ಇದ್ದರೆ, ಆ ಗಾಳಿಯನ್ನು ಕುಗ್ಗಿಸಲಿಕ್ಕೇ ಅದರ ಪಿಸ್ಟನ್ 3 ಮಿ.ಮೀ.ಗಿಂತ ಹೆಚ್ಚು ಚಲಿಸಬೇಕು. ಪೆಡಲ್ ಒಂದು ಸನ್ನೆ; ಅದರ ಅನುಪಾತ 4 ಆದರೆ ಪಾದ ಸುಮಾರು 13 ಮಿ.ಮೀ. ವ್ಯರ್ಥವಾಗಿ ಇಳಿಯುತ್ತದೆ. 3 ಎಂಎಲ್ ಉಳಿದರೆ ಈ ನಷ್ಟ 4 ಸೆಂ.ಮೀ.ಗೆ ಹತ್ತಿರ. ಬೇಗಬೇಗ ಎರಡು ಸಲ ತುಳಿದಾಗ, ಮೊದಲ ಒತ್ತಿನ ದ್ರವ ಪೂರ್ತಿ ಹಿಂದಿರುಗುವ ಮೊದಲೇ ಬ್ರೇಕ್ ದ್ರವದ ಟ್ಯಾಂಕಿನಿಂದ ಇನ್ನಷ್ಟು ಬಂದು ಸೇರುತ್ತದೆ. ಪೆಡಲ್ ಗಟ್ಟಿಯಾಗುವುದು ಇದರಿಂದ. ಗಾಳಿ ಇದ್ದಲ್ಲೇ ಇದೆ. 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಸಾಗುತ್ತದೆ; ಎರಡನೇ ಸಲ ತುಳಿಯಲು ಅರ್ಧ ಸೆಕೆಂಡ್ ಹಿಡಿದರೂ 8 ಮೀಟರ್ ಮುಂದೆ ಹೋಗಿರುತ್ತದೆ. ರಸ್ತೆ ದಾಟುವ ಮಗುವಿಗೂ ಬಂಪರಿಗೂ ನಡುವೆ ಅಷ್ಟು ಜಾಗ ಇಲ್ಲದಿರಬಹುದು.

ಇಷ್ಟು ತಣ್ಣಗಿನ ಬ್ರೇಕಿನ ಲೆಕ್ಕ. ನನ್ನ ನಿಜವಾದ ಆತಂಕ ಬಿಸಿ ಬ್ರೇಕಿನದು. ಬ್ರೇಕ್ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ, ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿ. ಡಾಟ್ 3ಕ್ಕೆ ಇವು 205 ಮತ್ತು 140. ಹೋದ ವರ್ಷ ಅರ್ಧ ಬಳಸಿ ಶೆಲ್ಫಿನಲ್ಲಿಟ್ಟ ಡಬ್ಬಿ, ಅದೂ ಕರಾವಳಿ ಮಲೆನಾಡುಗಳ ಒಂದು ಮಳೆಗಾಲ ಕಂಡದ್ದು, ಮೇಲಿನ ಮಿತಿಯಿಂದ ಕೆಳಗಿನದರತ್ತ ಜಾರಿರುತ್ತದೆ. ಕುದಿದರೆ ಆವಿ, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ.

ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಜನರೂ ಸೇರಿ 1,200 ಕಿಲೊ ತೂಗುವ ಕಾರು 500 ಮೀಟರ್ ಎತ್ತರ ಇಳಿಯುತ್ತದೆ ಎನ್ನೋಣ. ಆಗ ಬಿಡುಗಡೆಯಾಗುವ ಶಕ್ತಿ, ಅದೇ ಕಾರನ್ನು 60 ಕಿ.ಮೀ. ವೇಗದಿಂದ 35 ಸಲ ನಿಲ್ಲಿಸುವಾಗ ಹೊಮ್ಮುವ ಶಕ್ತಿಗೆ ಸಮ. ಕೆಳಗಿನ ಗೇರಿನಲ್ಲಿ ಇಳಿದು ಅರ್ಧವನ್ನು ಎಂಜಿನ್ನಿಗೆ ವಹಿಸಿದರೂ ಉಳಿದರ್ಧ ಪ್ಯಾಡು, ಡಿಸ್ಕುಗಳಲ್ಲಿ ಶಾಖವಾಗುತ್ತದೆ, ಅಲ್ಲಿಂದ ದ್ರವಕ್ಕೆ ದಾಟುತ್ತದೆ. ಪೆಡಲಿನ ಚಲನೆಯಲ್ಲಿ ಒಂದಿಷ್ಟನ್ನು ತಯಾರಕರು ಇಂಥ ಹೊತ್ತಿಗೆಂದೇ ಉಳಿಸಿರುತ್ತಾರೆ. ಒಳಗುಳಿದ ಗಾಳಿ ಆ ಉಳಿಕೆಯನ್ನು ಊರಲ್ಲೇ ತಿಂದಿರುತ್ತದೆ. ಬೀದಿಯಲ್ಲಿ ಎರಡು ಸುತ್ತು ಓಡಿಸಿ ‘ಪರವಾಗಿಲ್ಲ’ ಎಂದ ಬ್ರೇಕು ಘಾಟಿಯ ಏಳನೆಯ ತಿರುವಿನಲ್ಲಿ ನೆಲ ಮುಟ್ಟುವುದು ಹೀಗೆ.

ಗಾಳಿ ಉಳಿಯಲು ಕಾರಣ ಹಲವು. ಏರ್ ತೆಗೆಯುವಾಗ ಟ್ಯಾಂಕ್ ಖಾಲಿಯಾಗಿ ಮೇಲಿನಿಂದಲೇ ಹೊಸ ಗಾಳಿ ಹೊಕ್ಕಿರಬಹುದು. ಪೆಡಲ್ ಒತ್ತಿ ಹಿಡಿದವರು, ಕ್ಯಾಲಿಪರಿನಿಂದ ಗಾಳಿ ಹೊರಬಿಡುವ ನಿಪ್ಪಲ್ ಮುಚ್ಚುವ ಮೊದಲೇ ಕಾಲು ತೆಗೆದಿರಬಹುದು. ಕಣ್ತಪ್ಪಿಸುವ ತಪ್ಪು ಇನ್ನೊಂದಿದೆ: ಎರಡೂ ಕ್ಯಾಲಿಪರ್ ಬಿಚ್ಚಿದವರು ಎಡದ್ದನ್ನು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗಾಗುತ್ತದೆ. ಗಾಳಿ ಮೇಲೇರುವ ವಸ್ತು. ಕೆಳಗಿನ ಬಾಗಿಲಿನಿಂದ ಲೀಟರುಗಟ್ಟಲೆ ದ್ರವ ಹರಿಸಿದರೂ ಅದು ಹೊರಬರುವುದಿಲ್ಲ. ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿ ಒಳಗಿನ ವಾಲ್ವುಗಳನ್ನು ತೆರೆಸಬೇಕು. ಇದು ಅಂಗಳದಲ್ಲಿ ಆಗುವ ಕೆಲಸವಲ್ಲ.

ಮೆತ್ತಗಿನ ಪೆಡಲಿಗೆಲ್ಲ ಗಾಳಿಯೇ ಕಾರಣವಲ್ಲ. ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದೆ ತಳ್ಳಿರುತ್ತೇವೆ. ಮೊದಲ ಕೆಲವು ಒತ್ತು ನೆಲಕ್ಕಿಳಿಯುವುದು ಸಹಜ. ಆಮೇಲೆ ಗಾಡಿ ನಿಂತಲ್ಲೇ ಹತ್ತು ನಿಮಿಷ ಬಿಟ್ಟು ಒತ್ತಿದರೂ ಮೊದಲ ಒತ್ತಿಗೇ ಗಟ್ಟಿಯಾಗಬೇಕು. ಪೆಡಲ್ ತುಂಬ ಕೆಳಗಿಳಿದು ಆಮೇಲೆ ಕಲ್ಲಿನಂತೆ ನಿಂತರೆ ಹಿಂದಿನ ಡ್ರಮ್ಮಿನ ಶೂ ಅಡ್ಜಸ್ಟ್ ಆಗಿಲ್ಲದಿರಬಹುದು. ಒಂದೇ ಬಲದಲ್ಲಿ ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರಿಕೆಯಿದೆ. ಹೊರಗೆ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳರಬ್ಬರ್ ಹೋಗಿರಬಹುದು. ಇದನ್ನು ಎಷ್ಟೋ ಸಲ ನಾವೇ ಕೆಡಿಸುತ್ತೇವೆ. ಹಳೆಯ ಗಾಡಿಯ ಪೆಡಲನ್ನು ತಳದವರೆಗೆ ತುಳಿದಾಗ ಆ ರಬ್ಬರ್ ವರ್ಷಗಳಿಂದ ಮುಟ್ಟದ, ತುಕ್ಕು ಕೂತ ಭಾಗಕ್ಕೆ ಉಜ್ಜಿ ಹರಿಯುತ್ತದೆ. ಏರ್ ತೆಗೆಯುವಾಗ ಪೆಡಲಿನಡಿ ಮರದ ತುಂಡೊಂದನ್ನಿಟ್ಟರೆ ಇದು ತಪ್ಪುತ್ತದೆ.

ಹೆಸರಿನ ಬಗ್ಗೆಯೂ ಒಂದು ಮಾತು. ನಾವೆಲ್ಲ ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ನಮ್ಮ ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಎಣ್ಣೆಯಲ್ಲ. ಆ ಹೆಸರು ನಂಬಿ ಎಂಜಿನ್ ಆಯಿಲ್ ಸುರಿದರೆ ಬ್ರೇಕಿನ ರಬ್ಬರುಗಳೆಲ್ಲ ಊದಿ ಹಾಳಾಗುತ್ತವೆ. ಟ್ಯಾಂಕಿನ ಮುಚ್ಚಳದ ಮೇಲೆ ಯಾವ ದರ್ಜೆ ಎಂದು ಬರೆದಿರುತ್ತದೆ. ಅದನ್ನೇ, ಸೀಲ್ ಒಡೆಯದ ಡಬ್ಬಿಯಿಂದಲೇ ಹಾಕಿ.

ಸ್ವಂತ ಕೈಯಿಂದ ಗಾಡಿ ರಿಪೇರಿ ಮಾಡುವುದು ಒಳ್ಳೆಯ ಹವ್ಯಾಸ, ಅದನ್ನು ಬಿಡಿ ಎನ್ನಲಾರೆ. ಆದರೆ ಮೊದಲ ಒತ್ತಿಗೆ ಪೆಡಲ್ ಗಟ್ಟಿಯಾಗದಿದ್ದರೆ ಆ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸಬೇಡಿ. ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ, ಇಲ್ಲವೇ ಟೋಯಿಂಗ್ ಲಾರಿಗೆ ಫೋನ್ ಮಾಡಿ.