ನಡುವಯಸ್ಸಿನಲ್ಲಿ ಕಾಯಕಪಲ್ಲಟ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ನಲವತ್ತು ದಾಟಿದ ರೈತನೊಬ್ಬನು ಎತ್ತು ಮಾರಿ ಬೇರೆ ಕಸುಬಿಗೆ ಹೊರಟನೆಂದರೆ ಊರಕಟ್ಟೆಯ ಮೇಲೆ ಎರಡು ಬಗೆಯ ಮಾತುಗಳು ಹುಟ್ಟಿಕೊಳ್ಳುತ್ತವೆ. ಕೆಟ್ಟು ಪಟ್ಟಣ ಸೇರಿದನೆಂಬ ಮರುಕದ ಮಾತು ಒಂದು. ಹಿರಿಯರು ಮಾಡಿಕೊಂಡು ಬಂದ ಕೆಲಸವನ್ನು ಬಿಡಬಾರದು, ಅದೇ ಅವನ ಕಾಯಕವೆಂಬ ಉಪದೇಶದ ಮಾತು ಇನ್ನೊಂದು. ಮೊದಲನೆಯದು ಲೋಕರೂಢಿ, ಅದನ್ನು ಹಾಗೆಯೇ ಬಿಡಬಹುದು. ಎರಡನೆಯದು ಶರಣರ ಪದವನ್ನು ಮುಂದಿಟ್ಟುಕೊಂಡು ಬರುವುದರಿಂದ ಅದನ್ನು ಪರೀಕ್ಷಿಸದೆ ಬಿಡಲಾಗದು. ಶರಣರು ನಿಜವಾಗಿಯೂ ಹಾಗೆ ಹೇಳಿದರೇ ಎಂಬುದೇ ಈ ಲೇಖನದ ವಿಚಾರ.

ಈ ಉಪದೇಶವನ್ನು ಹಿಂದೊಮ್ಮೆ ನಾನೇ ಮಾಡಿದ್ದೇನೆ. 2001ರಿಂದ ಮೂರು ವರ್ಷ ಮಳೆ ಕೈಕೊಟ್ಟ ಕಾಲದಲ್ಲಿ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಅಧ್ಯಾಪಕನಾಗಿದ್ದೆ. ನಾಲ್ವತ್ತಾರು ವಯಸ್ಸಿನ ಪರಿಚಿತ ರೈತನೊಬ್ಬನು ಎತ್ತು ಮಾರಿ ಗಂಗಾವತಿಗೆ ಹೋಗಿ, ಪಂಪಿನ ಮೋಟಾರಿಗೆ ತಂತಿ ಸುತ್ತುವ ಕೆಲಸವನ್ನು ಇಪ್ಪತ್ತರ ಹುಡುಗನೊಬ್ಬನ ಕೈಕೆಳಗೆ ಕಲಿಯತೊಡಗಿದನು. ಹಬ್ಬಕ್ಕೆ ಊರಿಗೆ ಬಂದಾಗ ಅವನನ್ನು ಹತ್ತು ಜನರೆದುರಿಗೆ ಕೂರಿಸಿಕೊಂಡು, ಕಾಯಕವನ್ನು ಕೈಲಾಸವೆಂದ ಶರಣರ ನಾಡಿನವನು ಭೂಮಿಯನ್ನು ಬಿಡಬಹುದೇ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ಎದ್ದುಹೋದನು. ನನ್ನ ಮಾತು ಗೆದ್ದಿತೆಂದು ಆಗ ತಿಳಿದಿದ್ದೆ. ಆ ಮಾತನ್ನಾಡಿದವರು ಯಾರು, ಅವರ ಬಾಳು ಎಂಥದು ಎಂದು ಮತ್ತೆ ಓದಲು ಕುಳಿತಾಗ ನನ್ನ ಗೆಲುವು ಉಳಿಯಲಿಲ್ಲ.

ಕಾಯಕವನ್ನು ಕೈಲಾಸವೆಂದು ಕರೆದ ನುಡಿಯನ್ನು ಬಹುಮಂದಿ ಬಸವಣ್ಣನವರದೆಂದು ತಿಳಿದಿದ್ದಾರೆ. ಅದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಬರುವ ನುಡಿ. ಕಾಯಕದಲ್ಲಿ ತೊಡಗಿದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂಬಷ್ಟು ಕಟ್ಟುನಿಟ್ಟು ಆ ವಚನದಲ್ಲಿದೆ. ಹೀಗೆ ನುಡಿದ ಮಾರಯ್ಯನು ಹುಟ್ಟಿದೂರಿನಲ್ಲಿ ಹುಟ್ಟುಕಸುಬನ್ನು ಹಿಡಿದು ಕುಳಿತವನಲ್ಲ. ಅವನೂ ಅವನ ಮಡದಿ ಲಕ್ಕಮ್ಮನೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಕುಷ್ಟಗಿಯ ನೆರೆಯ ತಾಲೂಕು ಅದು. ಸಂಸಾರ ಹೂಡಿದ ಮೇಲೆ ದಂಪತಿಗಳಿಬ್ಬರೂ ಊರು ಬಿಟ್ಟು ಕಲ್ಯಾಣಕ್ಕೆ ನಡೆದರು. ಅಲ್ಲಿ ಅವರು ಕೈಕೊಂಡುದು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಊರೂ ಹೊಸದು, ಕೆಲಸವೂ ಹೊಸದು. ಲೋಕದ ಕಣ್ಣಿಗೆ ಅದು ಇಳಿದ ಕೆಲಸವೇ. ಅಂಥವನ ಬಾಯಿಂದ ಬಂದ ನುಡಿಯನ್ನು, ಊರು ಬಿಟ್ಟು ಕೆಲಸ ಬದಲಿಸಿದವನನ್ನು ಹಳಿಯಲು ನಾನು ಬಳಸಿದ್ದೆ.

ಕಾಯಕವೆಂಬ ಪದದ ಅರ್ಥವನ್ನು ಇಲ್ಲಿ ತುಸು ಬಿಡಿಸಿ ನೋಡಬೇಕು. ಕಾಯದಿಂದ ಆಗುವುದು ಕಾಯಕ. ಶರಣರ ಬಳಕೆಯಲ್ಲಿ ಅದಕ್ಕೆ ಮೂರು ಲಕ್ಷಣಗಳು ಕಾಣುತ್ತವೆ. ಮಾಡುವವನು ಸ್ವತಃ ತನ್ನ ಮೈಮುರಿದು ಮಾಡಬೇಕು. ಅದು ಸತ್ಯಶುದ್ಧವಾಗಿರಬೇಕು, ಎಂದರೆ ಅದರಲ್ಲಿ ಮೋಸವಾಗಲಿ ಪರಪೀಡೆಯಾಗಲಿ ಇರಬಾರದು. ಬಂದುದು ದಾಸೋಹಕ್ಕೆ ಸಲ್ಲಬೇಕು, ಕೂಡಿಡಲು ಅಲ್ಲ. ಈ ಮೂರರಲ್ಲಿ ಎಲ್ಲಿಯೂ ಹುಟ್ಟಿನ ಮಾತಿಲ್ಲ, ವಯಸ್ಸಿನ ಮಾತೂ ಇಲ್ಲ. ತಂದೆಯಿಂದ ಮಗನಿಗೆ ಬರುವುದು ಕುಲಕಸುಬು. ಹೊಟ್ಟೆಪಾಡಿಗೆ ಹಿಡಿಯುವುದು ವೃತ್ತಿ. ಈ ಮೂರು ಲಕ್ಷಣಗಳು ಕೂಡಿದಾಗ ಇವೆರಡರಲ್ಲಿ ಯಾವುದಾದರೂ ಕಾಯಕವಾಗಬಲ್ಲದು. ಅವು ತಪ್ಪಿದಾಗ ಏಳು ತಲೆಮಾರಿನ ಒಕ್ಕಲುತನವೂ ಬರಿಯ ದುಡಿಮೆಯೇ ಸರಿ.

ಇದಕ್ಕೊಂದು ಆಕ್ಷೇಪವುಂಟು. ಮಡಿವಾಳ ಮಾಚಯ್ಯ ಮಡಿ ಮಾಡುವುದನ್ನು ಬಿಡಲಿಲ್ಲ. ಅಂಬಿಗರ ಚೌಡಯ್ಯ ಹುಟ್ಟನ್ನು ಕೆಳಗಿಡಲಿಲ್ಲ. ಮೇದಾರ ಕೇತಯ್ಯ ಬಿದಿರನ್ನು ಬಿಡಲಿಲ್ಲ. ಹಾಗಾದರೆ ಶರಣರ ಒಲವು ಇದ್ದ ಕಸುಬಿನಲ್ಲಿಯೇ ನಿಲ್ಲುವುದರ ಕಡೆಗಲ್ಲವೆ? ಆಕ್ಷೇಪದಲ್ಲಿ ಸತ್ಯವಿದೆ. ಬಹುಮಂದಿ ಶರಣರು ಹಿಂದಿನ ಕಸುಬಿನಲ್ಲಿಯೇ ಉಳಿದರು. ಆದರೆ ಉಳಿಯಲೇಬೇಕೆಂಬ ಕಟ್ಟಳೆಯಿಂದ ಉಳಿದವರಲ್ಲ. ಕಸುಬಿನಿಂದ ತಮಗೆ ಕೀಳ್ತನ ಬರದೆಂದು ಅರಿತದ್ದರಿಂದ ಉಳಿದವರು. ಉಳಿಯುವವನಿಗೆ ನಾಚಿಕೆ ಬೇಡವೆಂದ ತತ್ತ್ವವು ಬಿಟ್ಟುಹೋಗುವವನಿಗೆ ನಾಚಿಕೆ ಹೊರಿಸಲಾರದು. ಕೆಲಸದಲ್ಲಿ ಮೇಲುಕೀಳಿಲ್ಲವೆಂದ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಇಳಿಯುವುದೂ ಅಲ್ಲ, ಏರುವುದೂ ಅಲ್ಲ.

ಮೋಳಿಗೆ ಮಾರಯ್ಯನ ಕಥೆ ಇದನ್ನೇ ಇನ್ನೂ ಎತ್ತರದ ದನಿಯಲ್ಲಿ ಹೇಳುತ್ತದೆ. ಅವನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನ ಕಟ್ಟಿಗೆಯನ್ನು ಹೊರೆಗಟ್ಟಿ ಮಾರಿ ಜಂಗಮದಾಸೋಹ ನಡೆಸಿದನೆಂಬುದು ಪರಂಪರೆಯ ಹೇಳಿಕೆ. ಕಾಶ್ಮೀರದ ಮಾತಿಗೆ ಇತಿಹಾಸದ ಸಾಕ್ಷ್ಯವೆಷ್ಟು ಎಂಬುದು ಬೇರೆ ಚರ್ಚೆ. ಇಂಥ ಕಥೆಯನ್ನು ನಮ್ಮ ಪೂರ್ವಿಕರು ಶತಮಾನಗಳ ಕಾಲ ಏಕೆ ಕಾಪಾಡಿಕೊಂಡು ಬಂದರೆಂಬುದು ನಮಗೆ ಮುಖ್ಯ. ಸಿಂಹಾಸನದಿಂದ ಕಟ್ಟಿಗೆಯ ಹೊರೆಗೆ ಬಂದವನನ್ನು ಅವರು ಕೆಟ್ಟುಹೋದನೆಂದು ನೆನೆಯಲಿಲ್ಲ, ಶರಣನೆಂದು ನೆನೆದರು. ಅವನ ಮನೆಯಲ್ಲಿ ಅಂಬಲಿಯುಂಡ ಬಸವಣ್ಣನವರು ಹೊನ್ನಿನ ಗಂಟನ್ನು ಇಟ್ಟುಬಂದಾಗ ಮಾರಯ್ಯನು ಅದನ್ನು ತನಗೆಂದು ಉಳಿಸಿಕೊಳ್ಳದೆ ಜಂಗಮರಿಗೆ ಸಲ್ಲಿಸಿದನೆಂದೂ ಕಥೆಯಿದೆ. ಹೊಸ ಬಾಳನ್ನು ಆರಿಸಿಕೊಂಡವನಿಗೆ ಬೇಕಾದುದು ನೆರವೇ ಹೊರತು ಮರುಕವಲ್ಲ ಎಂಬ ಸೂಕ್ಷ್ಮವೂ ಇಲ್ಲಿದೆ.

ಸೊನ್ನಲಿಗೆಯ ಸಿದ್ಧರಾಮಯ್ಯನದು ಇನ್ನೊಂದು ಬಗೆ. ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, ಸಾವಿರಾರು ಜನರನ್ನು ಕೆಲಸಕ್ಕೆ ಹಚ್ಚಿ ಹೆಸರಾಗಿದ್ದ ಕರ್ಮಯೋಗಿ ಅವನು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವನನ್ನು ಒಡ್ಡನೆಂದು ಕರೆದದ್ದು, ಕೆಲಸಗಾರರು ಕೆರಳಿ ಕಲ್ಲು ತೂರಿದ್ದು, ಮುಂದೆ ಅವನು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದದ್ದು ಶೂನ್ಯಸಂಪಾದನೆಯ ವಾಚಕರಿಗೆಲ್ಲ ತಿಳಿದ ಸಂಗತಿ. ಗಮನಿಸಬೇಕಾದುದೇನೆಂದರೆ, ಕಟ್ಟಿದ ಕೆರೆಯನ್ನು ಯಾರೂ ಒಡೆಯಲಿಲ್ಲ. ಸಿದ್ಧರಾಮನು ಬಿಟ್ಟದ್ದು ಕೆರೆಯನ್ನಲ್ಲ, ನಾನು ಕಟ್ಟಿದೆನೆಂಬ ಭಾವವನ್ನು. ಕೈಯ ಕೆಲಸ ಬದಲಾಗದೆ ಮನುಷ್ಯನು ಬದಲಾಗುವುದುಂಟು. ಕೆಲಸ ಬದಲಾದರೂ ಮನುಷ್ಯನು ಹಾಗೆಯೇ ಉಳಿಯುವುದೂ ಉಂಟು. ನಡುವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಹೊರಡುವವನು ತಾನು ಬದಲಿಸಬೇಕಾದುದು ಯಾವುದನ್ನು ಎಂದು ಮೊದಲು ಕೇಳಿಕೊಳ್ಳಬೇಕು.

ಇವೆಲ್ಲ ಹನ್ನೆರಡನೆಯ ಶತಮಾನದ ಮಾತಾಯಿತು ಎನ್ನುವವರಿಗೆ ಇಪ್ಪತ್ತನೆಯ ಶತಮಾನದ ನಿದರ್ಶನವೂ ಇದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಹೆಸರಾಂತ ವಕೀಲರು. ಹಳೆಯ ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ ತಾಡವೋಲೆಗಳನ್ನು ಅವರು ತಿರುಗಾಡಿ ಸಂಗ್ರಹಿಸಿದರು. ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಆಗ ಅವರಿಗೆ ನಾಲ್ವತ್ತಮೂರು ವಯಸ್ಸು. 1925ರಲ್ಲಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ವಕೀಲಿಯ ವರಮಾನವನ್ನು ನೆಚ್ಚಿ ನೆಮ್ಮದಿಯಾಗಿ ಇರಬಹುದಾಗಿದ್ದವರು ಅಚ್ಚಿನ ಮೊಳೆ ಜೋಡಿಸುವವರ ನಡುವೆ ನಿಂತರು. 1964ರಲ್ಲಿ ಲಿಂಗೈಕ್ಯರಾಗುವ ವರೆಗೆ ಅವರಿಗೆ ಹಣದ ಅನುಕೂಲ ಕೂಡಿಬರಲಿಲ್ಲ. ಆದರೆ ಆ ನಡುವಯಸ್ಸಿನ ಕಾಯಕಪಲ್ಲಟ ಆಗದಿದ್ದರೆ ಇಂದು ಈ ಪತ್ರಿಕೆಯಲ್ಲಿ ವಚನಗಳ ಅರ್ಥವನ್ನು ಚರ್ಚಿಸುವ ಭಾಗ್ಯ ನಮಗೆ ಇಷ್ಟು ಸುಲಭವಾಗಿ ದೊರೆಯುತ್ತಿರಲಿಲ್ಲ.

ನಮ್ಮ ಸೀಮೆಯಂತೂ ಮತ್ತೆ ಮತ್ತೆ ಮೊದಲಿನಿಂದ ಹೊರಟ ಸೀಮೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಈ ತಾಲೂಕುಗಳು ಕನ್ನಡ ರಾಜ್ಯವನ್ನು ಸೇರಿದವು. ಉರ್ದುವಿನಲ್ಲಿ ಓದಿ ಉರ್ದುವಿನಲ್ಲಿಯೇ ಕಡತ ಬರೆಯುತ್ತಿದ್ದ ನಡುವಯಸ್ಸಿನ ನೌಕರರು ಕನ್ನಡದಲ್ಲಿ ಟಿಪ್ಪಣಿ ಬರೆಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ಯಲಬುರ್ಗಾ ತಾಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಹೈದರಾಬಾದ್ ಸಂಸ್ಥಾನದಲ್ಲಿ ಓದಿ, ಅಲ್ಲಿಯೇ ಅಧಿಕಾರಿಯಾಗಿ, ಬಳಿಕ ಕನ್ನಡ ರಾಜ್ಯದ ಆಡಳಿತಕ್ಕೆ ಬಂದವರು. ಕಾವ್ಯಾನಂದರೆಂಬ ಹೆಸರಿನಿಂದ ಕನ್ನಡಿಗರೆಲ್ಲರಿಗೂ ಬೇಕಾದವರು.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಾಗ ಹತ್ತಾರು ಹಳ್ಳಿಗಳು ಮುಳುಗಿದವು. ನೆಲ ಕಳೆದುಕೊಂಡವರು ಬೇರೆಡೆ ಹೊಸದಾಗಿ ಒಲೆ ಹೂಡಿದರು. ಎಡದಂಡೆಯ ಕಾಲುವೆ ಹರಿದ ಗಂಗಾವತಿಯ ಕಡೆ ಜೋಳ, ನವಣೆ ಬಿತ್ತುತ್ತಿದ್ದ ರೈತರು ಭತ್ತದ ಸಸಿ ಹಚ್ಚುವುದನ್ನು ಮೊದಲಿನಿಂದ ಕಲಿತರು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ಕುಟುಂಬಗಳು ಇಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಯೂರಿದವು, ಅವರದೂ ಮರುಹುಟ್ಟೇ. ನೀರಾವರಿಯ ಕ್ರಮ ತಿಳಿಯದೆ, ಕಲಿಯಲು ಸಂಕೋಚಪಟ್ಟು, ಅಗ್ಗದ ಬೆಲೆಗೆ ಹೊಲ ಮಾರಿದ ಸ್ಥಳೀಯರು ಅದೇ ಹೊಲಕ್ಕೆ ಕೂಲಿಗೆ ಹೋದದ್ದೂ ಉಂಟು. ಕಲಿಕೆಗೆ ವಯಸ್ಸು ಮೀರಿತೆಂಬ ಭಾವನೆಗೆ ತೆತ್ತ ಬೆಲೆ ಅದು. ಕಾಲುವೆಯ ನೀರೂ ಶಾಶ್ವತವಲ್ಲವೆಂಬುದನ್ನು 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಎಲ್ಲರೂ ಕಂಡರು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಿಂದ ಗೋವೆ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವವರ ಮಾತು ಹೇಳುವುದೇ ಬೇಡ.

ಹಾಗೆಂದು ಎಲ್ಲ ಬದಲಾವಣೆಯೂ ಕಾಯಕವೆನಿಸದು. ಇದನ್ನು ಅಳೆಯಲು ಲಕ್ಕಮ್ಮನ ಅಳತೆಗೋಲೇ ಸಾಕು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ಆಸೆಯ ಅಕ್ಕಿಯೆಂದು ಗುರುತಿಸಿ, ಮರಳಿ ಸುರಿದು ಬರುವಂತೆ ಅವಳು ಹೇಳಿದಳು. ಮನೆಗೆ ಅಕ್ಕಿ ಸಾಲದೆ ಹೊರಟವನಿಗೆ ಕಾಯಕವುಂಟು. ನೆರೆಯವನ ಕಣಜವನ್ನು ನೋಡಿ ಹೊರಟವನಿಗೆ ಅದು ಹಿಡಿಯದು. ಕುಷ್ಟಗಿಯ ಕಡೆ ದಾಳಿಂಬೆ ಲಾಭದಾಯಕವೆಂದು ಕೇಳಿ, ಸಾಲದ ಮೇಲೆ ಸಾಲ ಮಾಡಿ ತೋಟ ಹಾಕಿ, ದುಂಡಾಣು ಅಂಗಮಾರಿ ರೋಗ ಬಂದು ಕೈಸುಟ್ಟುಕೊಂಡವರನ್ನು ಕಂಡಿದ್ದೇವೆ. ಅವರಲ್ಲಿ ಕಷ್ಟದಿಂದ ಹೊರಟವರೂ ಇದ್ದರು, ಆಸೆಯಿಂದ ಹೊರಟವರೂ ಇದ್ದರು; ರೋಗಕ್ಕೆ ಆ ಭೇದವಿರಲಿಲ್ಲ. ಆದುದರಿಂದ ಮನಸ್ಸು ಶುದ್ಧವಾಗಿದ್ದರೆ ಸಾಲದು, ಲೆಕ್ಕವೂ ಶುದ್ಧವಾಗಿರಬೇಕು. ಹಳೆಯ ಸಾಲ ಎಷ್ಟು, ಹೊಸ ಕೆಲಸ ಕೈಹಿಡಿಯುವ ವರೆಗೆ ಎಷ್ಟು ತಿಂಗಳ ಕಾಳು ಮನೆಯಲ್ಲಿದೆ ಎಂಬುದನ್ನು ಬರೆದು ನೋಡಿಯೇ ಹೆಜ್ಜೆಯಿಡಬೇಕು.

ಶರಣರ ನಡೆಯಿಂದ ಇನ್ನೆರಡು ಪಾಠಗಳು ದೊರೆಯುತ್ತವೆ. ಲಕ್ಕಮ್ಮನಾಗಲಿ ಮೋಳಿಗೆಯ ಮಹಾದೇವಿಯಾಗಲಿ ಗಂಡನ ಹಿಂದೆ ಸುಮ್ಮನೆ ನಡೆದವರಲ್ಲ. ಅವನು ತಪ್ಪಿದಲ್ಲಿ ತಿದ್ದಿದವರು. ಮನೆಯೊಡತಿಯನ್ನು ಕೇಳದೆ ಎತ್ತು ಮಾರುವವನು ಅರ್ಧ ಬುದ್ಧಿಯಿಂದಲೇ ಹೊರಟಂತೆ. ಎರಡನೆಯದು, ಕಿರಿಯರಿಂದ ಕಲಿಯುವ ಸೌಜನ್ಯ. ಕೆರೆಗಳ ಒಡೆಯನಾಗಿದ್ದ ಸಿದ್ಧರಾಮನು ಎಳೆಯ ಚೆನ್ನಬಸವಣ್ಣನ ಮುಂದೆ ಕೈಚಾಚಿದನು. ನನ್ನ ಪರಿಚಿತನು ಇಪ್ಪತ್ತರ ಹುಡುಗನ ಮುಂದೆ ಕುಳಿತದ್ದು ಈ ದಾರಿಯಲ್ಲಿಯೇ. ಅಧ್ಯಾಪಕನಾಗಿದ್ದ ನಾನು ಅದನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕಾಗಿತ್ತು.

ನಮ್ಮ ಮಠಗಳು ಬಡ ಬಾಲಕರಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತು ಈ ಸೀಮೆಯನ್ನು ಬೆಳೆಸಿವೆ. ಕೊಪ್ಪಳದ ಗವಿಮಠದ ಸೇವೆ ಕಣ್ಣೆದುರಿಗೇ ಇದೆ. ಅದೇ ದಾಸೋಹವು ನಲವತ್ತೈದರ ವಿದ್ಯಾರ್ಥಿಗೂ ಒದಗಬಾರದೇ? ಕಸುಬು ಕಲಿಯುವ ಆರು ತಿಂಗಳು ಅವನಿಗೊಂದು ತಂಗುದಾಣ, ಎರಡು ಹೊತ್ತಿನ ಪ್ರಸಾದ, ಸಾಲದ ಲೆಕ್ಕವನ್ನು ಬಿಡಿಸಿ ಹೇಳಬಲ್ಲ ಒಬ್ಬ ನಿವೃತ್ತ ನೌಕರ, ಇಷ್ಟು ದೊರೆತರೆ ಎಷ್ಟೋ ಮನೆಗಳು ಉಳಿದಾವು. ನಿವೃತ್ತರಾದ ನಮ್ಮಂಥವರಿಗೂ ಅದೊಂದು ಹೊಸ ಕಾಯಕವಾದೀತು.

ಆ ಪರಿಚಿತನು ಮುಂದೆ ಊರಿಗೇ ಮರಳಿ ಬಸ್ ನಿಲ್ದಾಣದ ಬಳಿ ಸಣ್ಣ ಅಂಗಡಿ ಇಟ್ಟನು. ಹೊಲವನ್ನು ಅವನು ಮಾರಿರಲಿಲ್ಲ. ಮಳೆಯಾದ ವರ್ಷ ಅದನ್ನು ಬಿತ್ತಿಸುತ್ತಾನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಬಾವಿಯ ಮೋಟಾರು ಸುಟ್ಟಾಗ ಅವನಲ್ಲಿಗೇ ಒಯ್ದೆ. ಹತ್ತು ಜನರೆದುರಿಗೆ ಆಡಿದ ಮಾತನ್ನು ಹತ್ತು ಜನರೆದುರಿಗೇ ಹಿಂದೆಗೆದುಕೊಳ್ಳಬೇಕೆಂದು ಅಂಗಡಿಯ ಮುಂದೆ ನಿಂತು, ಅಂದು ನಾನು ಹೇಳಿದ್ದು ತಪ್ಪು ಎಂದೆ. ಅವನು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತು ತಪ್ಪೀತು, ತುಸು ಕುಳಿತುಕೊಳ್ಳಿರಿ ಎಂದನು. ಮಾರಯ್ಯನ ವಚನಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಓದಿಲ್ಲ.