ಗಾಲಿಯ ಮೇಲಿನ ಮನೆ

ನಿವೃತ್ತಿಯಾದ ಮೇಲೆ ಮನೆ ಕಟ್ಟಿಸುವುದು ನಮ್ಮ ಜನರ ವಾಡಿಕೆ. ಭವಿಷ್ಯನಿಧಿಯ ಹಣ ಕೈಗೆ ಬಂದೊಡನೆ ನಿವೇಶನ ಹುಡುಕಿ, ಗೃಹಪ್ರವೇಶ ನೆರವೇರಿಸಿ, ಹೆಬ್ಬಾಗಿಲ ಮೇಲೆ ‘ಶರಣ ನಿಲಯ’ ಎಂದೋ ‘ಬಸವ ಕೃಪೆ’ ಎಂದೋ ಹೆಸರು ಬರೆಸಿದರೆ ಬಾಳಿನ ಒಂದು ಘಟ್ಟ ಮುಗಿಯಿತೆಂದು ಭಾವಿಸುತ್ತೇವೆ. ಅಮೆರಿಕದಲ್ಲಿ ಇದಕ್ಕೆ ತೀರ ವಿರುದ್ಧವಾದ ಪದ್ಧತಿಯೊಂದುಂಟು. ಅಲ್ಲಿ ಅನೇಕರು ನಿವೃತ್ತಿಯಾದೊಡನೆ ಇದ್ದ ಮನೆಯನ್ನು ಮಾರಿ, ಇಲ್ಲವೇ ಬೀಗ ಹಾಕಿ, ಗಾಲಿಯ ಮೇಲಿನ ಮನೆಯೊಂದನ್ನು ಕೊಳ್ಳುತ್ತಾರೆ. ಉತ್ತರದ ರಾಜ್ಯಗಳಲ್ಲಿಯೂ ಕೆನಡಾದಲ್ಲಿಯೂ ಹಿಮ ಬೀಳತೊಡಗಿದಾಗ ಆ ಮನೆಯೊಂದಿಗೆ ದಕ್ಷಿಣದ ಮರುಭೂಮಿಗೆ ಇಳಿದು, ವಸಂತ ಬಂದಾಗ ಹಿಂತಿರುಗುತ್ತಾರೆ. ಇವರಿಗೆ ಅಲ್ಲಿ ‘ಹಿಮದ ಹಕ್ಕಿಗಳು’ ಎಂಬ ಹೆಸರೇ ಬಿದ್ದಿದೆ. ಅವರ ವಾಹನಕ್ಕೆ ಆರ್.ವಿ. ಎನ್ನುತ್ತಾರೆ. ಕೈಯಲ್ಲಿ ಹಿಡಿದ ದೂರವಾಣಿಯನ್ನು ಜಂಗಮವಾಣಿ ಎಂದು ಕರೆದ ಕನ್ನಡಿಗರು ಇದನ್ನು ಜಂಗಮಗೃಹ ಎಂದರೆ ತಪ್ಪಾಗಲಾರದು.

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳಿನಲ್ಲಿ, ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನೆಲೆಸಿರುವ ಶರಣ ಕುಟುಂಬವೊಂದರ ಅತಿಥಿಗಳಾಗಿದ್ದಾಗ ಈ ಜನರನ್ನು ಕಾಣುವ ಅವಕಾಶ ನಮಗೆ ದೊರೆಯಿತು. ಮನೆಯ ಯಜಮಾನರು ಧಾರವಾಡದ ಕಡೆಯ ಇಂಜಿನಿಯರರು. ಎಪ್ಪತ್ತು ದಾಟಿದ ಅವರ ತಾಯಿ ಆರು ತಿಂಗಳ ಪರವಾನಗಿಯ ಮೇಲೆ ಮಗನಲ್ಲಿಗೆ ಬಂದಿದ್ದರು. ಹಗಲೆಲ್ಲ ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಕಾರು ನಡೆಸಲು ಬಾರದವರಿಗೆ ಆ ಊರಿನಲ್ಲಿ ಕಾಲೇ ಇಲ್ಲದಂತೆ. ಒಂದು ಶನಿವಾರ ಮಗ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಶ್ಚಿಮಕ್ಕೆ ಹೊರಟಾಗ ನಮಗಿಂತ ಹೆಚ್ಚು ಹಿಗ್ಗಿದವರು ಆ ತಾಯಿ.

ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರು ಸಾಗಿದರೆ ಕ್ವಾರ್ಟ್ಸೈಟ್ ಎಂಬ ಚಿಕ್ಕ ಊರು. 2020ರ ಜನಗಣತಿಯಂತೆ ಅದರ ಜನಸಂಖ್ಯೆ 2,413 ಮಾತ್ರ. ಬೇಸಿಗೆಯಲ್ಲಿ 42 ಡಿಗ್ರಿ ಮೀರಿ ಸುಡುವ ಆ ನೆಲದಲ್ಲಿ ಜನವರಿಯ ಹಗಲು ನಮ್ಮ ಬೆಳಗಾವಿಯ ಮುಂಜಾವಿನಂತೆ ಹಿತವಾಗಿರುತ್ತದೆ. ಸುತ್ತ ಬೋಳುಗುಡ್ಡಗಳು, ಕಳ್ಳಿಗಿಡಗಳು. ನಡುವೆ ಕಣ್ಣು ಹಾಯುವಷ್ಟು ದೂರವೂ ಬಿಳಿಯ ವಾಹನಗಳು. ಕೆಲವು ಬಸ್ಸಿನಷ್ಟು ದೊಡ್ಡವು, ಕೆಲವು ಕಾರಿನ ಹಿಂದೆ ಎಳೆದು ತಂದ ಪುಟ್ಟ ಪೆಟ್ಟಿಗೆಗಳು. ಪ್ರತಿಯೊಂದರ ಮುಂದೆ ಒಂದು ಚಾಪೆ, ಎರಡು ಕುರ್ಚಿ. ತಾಯಿ ಕಾರಿನ ಗಾಜು ಇಳಿಸಿ ನೋಡಿ, “ಉಳವಿ ಜಾತ್ರಿಗೆ ಹೋದಂಗಾತ್ರೀ ಗುರುಗಳ, ಚಕ್ಕಡಿ ಕೊಳ್ಳ ಹರದು ಬಿಟ್ಟಾರ” ಎಂದರು. ಇದಕ್ಕಿಂತ ಸರಿಯಾದ ಹೋಲಿಕೆ ನಮಗೂ ಹೊಳೆಯಲಿಲ್ಲ.

ಆ ಊರಿನ ಸ್ಮಶಾನದಲ್ಲಿ ಒಂದು ಕಲ್ಲಿನ ಪಿರಮಿಡ್ಡು, ಅದರ ನೆತ್ತಿಯಲ್ಲೊಂದು ಲೋಹದ ಒಂಟೆ. ಅಮೆರಿಕದ ಸೈನ್ಯವು ಮರುಭೂಮಿಯಲ್ಲಿ ಒಂಟೆಗಳನ್ನು ಬಳಸಬೇಕೆಂದು ಯೋಚಿಸಿದಾಗ, 1856ರಲ್ಲಿ ಅವುಗಳೊಡನೆ ಕಡಲು ದಾಟಿ ಬಂದ ಹಾಜಿ ಅಲಿ ಎಂಬಾತನ ಸಮಾಧಿಯದು. ಆತನ ಹೆಸರನ್ನು ಉಚ್ಚರಿಸಲಾರದ ಜನ ‘ಹಾಯ್ ಜಾಲಿ’ ಎಂದು ಮಾಡಿಕೊಂಡರು. ಆತ ತೀರಿಕೊಂಡದ್ದು 1902ರಲ್ಲಿ. ಸ್ಮಾರಕ ಎದ್ದದ್ದು 1935ರಲ್ಲಿ. ಅಲೆಮಾರಿಗಳ ಈ ಊರಿನ ಹೆಸರಾಂತ ಗೋರಿಯೂ ದೂರದೇಶದಿಂದ ಬಂದ ಒಬ್ಬ ಪಯಣಿಗನದೇ!

ಊರಿನ ದಕ್ಷಿಣಕ್ಕೆ ಲಾ ಪೋಸಾ ಎಂಬ ಬಯಲು, ಸುಮಾರು 11,400 ಎಕರೆ. ಕೇಂದ್ರ ಸರಕಾರದ ಭೂನಿರ್ವಹಣಾ ಇಲಾಖೆ 1983ರಿಂದ ಇಂತಹ ಬಯಲುಗಳಲ್ಲಿ ದೀರ್ಘಕಾಲದ ತಂಗುವಿಕೆಗೆ ಏರ್ಪಾಡು ಮಾಡಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಏಳು ತಿಂಗಳಿಗೆ ಒಂದೇ ಚೀಟಿ. ಬಹುಕಾಲ ಅದರ ಬೆಲೆ 180 ಡಾಲರುಗಳಷ್ಟೇ ಇತ್ತು. ಕುಡಿಯುವ ನೀರು, ಕಸ ಹಾಕುವ ಸ್ಥಳ, ಮಲಿನಜಲ ಸುರಿಯುವ ಗುಂಡಿ ಇಷ್ಟು ಸರಕಾರದ್ದು. ಬೆಳಕಿಗೆ ಮಾಳಿಗೆಯ ಮೇಲೆ ಸೌರಫಲಕ.

ಅಲ್ಲಿ ಮಿನ್ನೆಸೋಟದ ವೃದ್ಧರೊಬ್ಬರು ತಮ್ಮ ಮನೆಯನ್ನು ನಮಗೆ ಸುತ್ತಿ ತೋರಿಸಿದರು. ಕೆಳಗೆ ಮೂರು ತೊಟ್ಟಿಗಳು: ಒಳ್ಳೆಯ ನೀರಿನದು, ಅಡುಗೆ-ಸ್ನಾನದ ಬಚ್ಚಲುನೀರಿನದು, ಶೌಚದ್ದು. ಮೂರನೆಯದು ತುಂಬುತ್ತ ಬಂದಾಗ ಅದನ್ನು ಗುಂಡಿಯವರೆಗೆ ಒಯ್ದು, ಕೈಗವಸು ತೊಟ್ಟು, ಕೊಳವೆ ಜೋಡಿಸಿ ಬರಿದು ಮಾಡಿ ತೊಳೆಯುವವರು ಅವರೇ. ಎಪ್ಪತ್ತೆಂಟರ ಆ ಮುದುಕ ಇದನ್ನು ಹೇಳುವಾಗ ಮುಖದಲ್ಲಿ ಯಾವ ಸಂಕೋಚವೂ ಇರಲಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಾವು ನಾಲ್ವತ್ತು ವರ್ಷಗಳಿಂದ ಉಪನ್ಯಾಸ ಮಾಡುತ್ತಿದ್ದೇವೆ. ನಮ್ಮ ಮನೆಯ ಶೌಚಗುಂಡಿಯ ಮುಚ್ಚಳ ಎಲ್ಲಿದೆಯೆಂಬುದು ಮಾತ್ರ ಇಂದಿಗೂ ನಮಗೆ ತಿಳಿಯದು.

ಇವರೆಲ್ಲರೂ ಸಿರಿವಂತರೆಂದು ತಿಳಿಯಬಾರದು. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಎರಡನ್ನೂ ಕಳೆದುಕೊಂಡು, ವ್ಯಾನಿನಲ್ಲೇ ಬದುಕು ಹೂಡಿದವರೂ ಇವರೊಳಗಿದ್ದಾರೆ. ಇವರ ಪಾಲಿಗೆ ಸರಕಾರದ ವೃದ್ಧಾಪ್ಯವೇತನವೇ ಆಧಾರ. ಅದು ಸಾಲದಾದಾಗ ಗೋದಾಮುಗಳಲ್ಲಿ, ಬೀಟ್ ಗೆಡ್ಡೆಯ ಕೊಯ್ಲಿನಲ್ಲಿ ಕೂಲಿ. ಇಂಥವರ ಬಾಳನ್ನು ಜೆಸ್ಸಿಕಾ ಬ್ರೂಡರ್ ಎಂಬ ಲೇಖಕಿ 2017ರಲ್ಲಿ ‘ನೋಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕದಲ್ಲಿ ಬರೆದರು. ಅದನ್ನಾಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಬಂದಿತು. ಕೆಲವರು ಇದನ್ನು ವಾನಪ್ರಸ್ಥವೆಂದು ಹೊಗಳುವುದನ್ನು ಕೇಳಿದ್ದೇವೆ. ಒಪ್ಪಲಾರೆವು. ಬೇರೆ ದಾರಿಯಿಲ್ಲದೆ ಮನೆ ಬಿಟ್ಟವನು ವಾನಪ್ರಸ್ಥನಲ್ಲ. ಅಲ್ಲದೆ, ಆಶ್ರಮಗಳ ಆ ಏಣಿಯನ್ನೇ ಶರಣರು ಒಪ್ಪಿದವರಲ್ಲ. ಸಂಸಾರದಲ್ಲಿದ್ದೇ ಲಿಂಗವನ್ನು ಅಂಗದ ಮೇಲೆ ಹೊತ್ತು ನಡೆದವರು ಅವರು.

ಕ್ವಾರ್ಟ್ಸೈಟಿನಿಂದ ದಕ್ಷಿಣಕ್ಕೆ 130 ಕಿಲೋಮೀಟರು ಸಾಗಿ, ಮಧ್ಯಾಹ್ನ ಯೂಮಾ ನಗರವನ್ನು ಸೇರಿದೆವು. ಇಲ್ಲಿಯದು ಬೇರೆ ದರ್ಜೆ. ಇಲ್ಲಿನ ವಿಹಾರಧಾಮಗಳಲ್ಲಿ ಪ್ರತಿ ವಾಹನಕ್ಕೂ ಅಳೆದ ಜಾಗ, ನೀರು, ವಿದ್ಯುತ್ತು, ಚರಂಡಿ; ಈಜುಕೊಳ, ನೃತ್ಯಶಾಲೆ, ಕೌದಿ ಹೊಲಿಯುವ ಹೆಂಗಸರ ಕೂಟ. ಹಲ್ಲು ನೋಯುವವರು ಗಡಿ ದಾಟಿ ಮೆಕ್ಸಿಕೋದ ಲೋಸ್ ಅಲ್ಗೊದೋನೆಸ್ ಎಂಬ ಊರಿಗೆ ಹೋಗುತ್ತಾರೆ. ಅಗ್ಗದ ದಂತವೈದ್ಯರೂ ಕನ್ನಡಕದ ಅಂಗಡಿಗಳೂ ಅಲ್ಲಿ ಸಾಲುಗಟ್ಟಿವೆ. ಕೆನಡಾದವರು ದಿನದ ಲೆಕ್ಕ ಇಡುವುದು ಇನ್ನೊಂದು ಸೋಜಿಗ. ಒಂಟಾರಿಯೋ ಪ್ರಾಂತದವರು ವರ್ಷದಲ್ಲಿ 212 ದಿನಗಳಿಗಿಂತ ಹೆಚ್ಚು ಹೊರಗಿದ್ದರೆ ಸರಕಾರಿ ಆರೋಗ್ಯ ವಿಮೆಗೇ ಸಂಚಕಾರ.

ಆದರೆ ಆ ತಾಯಿಯ ಮನಸ್ಸನ್ನು ಕಲಕಿದ್ದು ಬೇರೆಯೇ ಒಂದು ನಿಯಮ. ಇಂತಹ ಬಹುಪಾಲು ಧಾಮಗಳು 55 ವರ್ಷ ಮೀರಿದವರಿಗಾಗಿಯೇ ಮೀಸಲು. 1995ರ ಕಾನೂನಿನಂತೆ ಕನಿಷ್ಠ ನೂರಕ್ಕೆ 80 ಮನೆಗಳಲ್ಲಿ 55 ತುಂಬಿದವರೊಬ್ಬರಾದರೂ ಇದ್ದರೆ ಹಾಗೆ ಮೀಸಲಿಡಬಹುದು. ಮೊಮ್ಮಕ್ಕಳು ಬರಬಹುದು, ಇಂತಿಷ್ಟೇ ದಿನ.

“ಇವ್ರಿಗೆ ಮಕ್ಕಳಿಲ್ಲೇನ್ರಿ?” ಎಂದು ತಾಯಿ ಕೇಳಿದರು. ಇದ್ದಾರೆ ಎಂದೆವು. “ಹಂಗಾರ ಮೊಮ್ಮಕ್ಕಳಿಗೆ ದಿನಾ ಎಣಿಸೋದು ಯಾಕ?” ನಮ್ಮಲ್ಲಿಯೂ ಅದೇ ಪ್ರಶ್ನೆ ಎದ್ದಿತ್ತು. ಇಂತಹ ಕಡೆ ನಮ್ಮ ಕೂಡುಕುಟುಂಬದ ಹಿರಿಮೆಯನ್ನು ನಾಲ್ಕು ಮಾತಿನಲ್ಲಿ ಹೊಗಳಿ ಲೇಖನ ಮುಗಿಸುವುದು ಸುಲಭ. ಮನಸ್ಸಿನಲ್ಲೇ ಆ ಲೇಖನವನ್ನು ಅರ್ಧ ಬರೆದೂ ಇದ್ದೆವು. ಅಷ್ಟರಲ್ಲಿ, ಕೌದಿ ಹೊಲಿಯುತ್ತಿದ್ದ ಒಬ್ಬ ವಿಧವೆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಿಗೆಳೆದರು. ಮಗ ದುಭಾಷಿಯಾದರು.

ಹಿಂದಿನ ಫೆಬ್ರವರಿಯಲ್ಲಿ ಆಕೆಯ ಪತಿ ಇದೇ ಧಾಮದಲ್ಲಿ ತೀರಿಕೊಂಡಿದ್ದರಂತೆ. ಮಕ್ಕಳು ಬಂದರು, ಅಂತ್ಯಕ್ರಿಯೆ ನಡೆಸಿದರು, ಹಿಂತಿರುಗಿದರು. ಆ ದೊಡ್ಡ ವಾಹನವನ್ನು ಆಕೆ ಎಂದೂ ನಡೆಸಿದವರಲ್ಲ. ಏಪ್ರಿಲ್ ಬಂದಾಗ ನೆರೆಯ ಇಬ್ಬರು ಮುದುಕರು ಸರದಿಯ ಮೇಲೆ ಅದನ್ನು ನಡೆಸಿ, ಮೂರು ರಾತ್ರಿ ದಾರಿಯಲ್ಲಿ ತಂಗಿ, ಆಕೆಯನ್ನು ಸ್ವಂತ ಊರಿಗೆ ಮುಟ್ಟಿಸಿದರು. ಪೆಟ್ರೋಲಿನ ಹಣವನ್ನೂ ಮುಟ್ಟಲಿಲ್ಲ. ಈ ವರ್ಷ ಆಕೆ ಚಿಕ್ಕ ಗಾಡಿಯೊಂದನ್ನು ಕೊಂಡು ತಾವೇ ನಡೆಸಿಕೊಂಡು ಬಂದಿದ್ದರು. ಇಲ್ಲಿ ಬೆಳಿಗ್ಗೆ ಒಂಬತ್ತಾದರೂ ಕಿಟಕಿಯ ಪರದೆ ಮೇಲೇರದಿದ್ದರೆ ಪಕ್ಕದವರು ಬಂದು ಬಾಗಿಲು ಬಡಿಯುತ್ತಾರೆಂದು ಹೇಳಿ ನಕ್ಕರು.

ತಾಯಿ ನಗಲಿಲ್ಲ. ಬಹಳ ಹೊತ್ತಿನ ಮೇಲೆ ನಮ್ಮ ಕಡೆ ತಿರುಗಿ, “ಧಾರವಾಡದಾಗ ನಾ ಬಿದ್ದರ ಎಬ್ಬಸವ್ರು ಯಾರು ಅಂತ ಇಂವಾ ದಿನಾ ಫೋನಿನ್ಯಾಗ ಕೇಳ್ತಾನ್ರಿ. ನನಗ ಉತ್ತರ ಗೊತ್ತಿಲ್ಲ” ಎಂದರು. ಮಗ ತಲೆ ತಗ್ಗಿಸಿದರು. ಪತಿ ಲಿಂಗೈಕ್ಯರಾದ ಮೇಲೆ ಅವರು ಎಂಟು ಕೋಣೆಯ ಮನೆಯಲ್ಲಿ ಒಬ್ಬರೇ. ಆರು ಕೋಣೆಗಳಿಗೆ ಬೀಗ. ಆ ಓಣಿಯಲ್ಲಿ ಅಂತಹ ಮನೆಗಳು ಇನ್ನೂ ಐದಾರು ಉಂಟಂತೆ. ಇಲ್ಲೇ ಉಳಿದುಬಿಡೆಂದು ಮಗನ ಒತ್ತಾಯ. ಇಲ್ಲಿ ಹಗಲೆಲ್ಲ ಗೋಡೆ ನೋಡಲಾರೆನೆಂದು ತಾಯಿಯ ಹಟ. ಇಬ್ಬರದೂ ಸರಿಯೇ. ಮನಸ್ಸಿನಲ್ಲಿ ಬರೆದಿದ್ದ ಆ ಲೇಖನವನ್ನು ನಾವು ಅಲ್ಲಿಯೇ ಕೈಬಿಟ್ಟೆವು.

ತಾಯಿ ಕೊನೆಗೆ ಕೇಳಿಸಿದ ಪ್ರಶ್ನೆ ಇದು: ಗಾಡಿ ನಡೆಸುವ ಕಣ್ಣು, ಕೈ ಸೋತ ಮೇಲೆ ಏನು ಮಾಡುವಿರಿ? ಆ ವಿಧವೆಗೆ ಉತ್ತರ ಸಿದ್ಧವಿತ್ತು. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಕಟ್ಟಿದ ಎಸ್ಕೇಪೀಸ್ ಎಂಬ ಅಲೆಮಾರಿಗಳ ಸಂಘವೊಂದಿದೆ. ಟೆಕ್ಸಾಸ್ ರಾಜ್ಯದ ಲಿವಿಂಗ್‌ಸ್ಟನ್ನಿನಲ್ಲಿ, ಇನ್ನು ತಿರುಗಲಾರದ ಸದಸ್ಯರಿಗಾಗಿ ಒಂದು ಆಸರೆಯ ಕೇಂದ್ರ ಹುಟ್ಟಿದ್ದು ಆ ಸಂಘದಿಂದಲೇ. ಅಲ್ಲಿ ಮುದುಕರು ತಮ್ಮ ಗಾಡಿಯನ್ನು ನಿಲ್ಲಿಸಿ, ಅದರಲ್ಲೇ ವಾಸ ಮಾಡುತ್ತಾರೆ. ಊಟ ಕೇಂದ್ರದ ಪಂಕ್ತಿಯಲ್ಲಿ. ಆಸ್ಪತ್ರೆಗೆ ಕರೆದೊಯ್ಯಲು ಜನ. ತಾನೂ ಅಲ್ಲಿಗೇ ಹೋಗುವೆನೆಂದು ಆಕೆ ಹೇಳಿದರು. ದಾಸೋಹ ಎಂಬ ಶಬ್ದವನ್ನು ಅವರು ಕೇಳಿರಲಾರರು.

ನಾವು ಕತ್ತಲಾದ ಮೇಲೆ ಫೀನಿಕ್ಸಿಗೆ ಮರಳಿದೆವು. ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಪರವಾನಗಿ ಮುಗಿದು ಆ ತಾಯಿ ಏಪ್ರಿಲಿನಲ್ಲಿ ಧಾರವಾಡಕ್ಕೆ ಹಿಂತಿರುಗಿದರು. ಮುಂದಿನ ಶ್ರಾವಣದಲ್ಲಿ ಪ್ರವಚನಕ್ಕೆಂದು ಅಲ್ಲಿಗೆ ಹೋದಾಗ ಅವರನ್ನು ಕಂಡೆವು. ಬೀಗ ಹಾಕಿದ ಕೋಣೆಗಳಲ್ಲಿ ಎರಡನ್ನು ತೆರೆದು ಕಾಲೇಜಿಗೆ ಬರುವ ಇಬ್ಬರು ಹುಡುಗಿಯರಿಗೆ ಕೊಟ್ಟಿದ್ದಾರೆ. ಓಣಿಯ ಒಂಟಿ ಮುದುಕಿಯರು ತಮ್ಮ ಮನೆಯ ಕೀಲಿಯ ಒಂದೊಂದು ಜೋಡಿಯನ್ನು ಇನ್ನೊಬ್ಬರ ಬಳಿ ಇಟ್ಟಿದ್ದಾರೆ. ಬೆಳಿಗ್ಗೆ ಏಳಾದರೂ ಯಾರ ಅಂಗಳಕ್ಕಾದರೂ ನೀರು ಬಿದ್ದಿರದಿದ್ದರೆ ಪಕ್ಕದವರು ಹೋಗಿ ಬಾಗಿಲು ಬಡಿಯುತ್ತಾರಂತೆ.